ಇಪ್ಪತ್ತು ಪಾಯಿಂಟ್

ಮಸ್ಕತ್ತಿನ ನಮ್ಮ ಆಸ್ಪತ್ರೆಯಲ್ಲಿ ನನಗೊಂದು ಅಡ್ಡಹೆಸರಿದೆ ಎಂದು ಗೊತ್ತಾದದ್ದು ಈಚೆಗೆ. ‘ಝೀರೋ ಮೇಡಂ’ ಅಂತೆ. ಅರ್ಧ ಮಿಲಿಗ್ರಾಂ ಎಂಬುದನ್ನು ಸೊನ್ನೆ, ಚುಕ್ಕಿ, ಐದು ಎಂದು ಬರೆಯದೆ ಬರೀ ಚುಕ್ಕಿ, ಐದು ಎಂದು ಯಾರಾದರೂ ಬರೆದಿದ್ದರೆ ನಾನು ಔಷಧ ಕೊಡುವುದಿಲ್ಲ. ಫೋನ್ ಮಾಡಿ ಕೇಳುತ್ತೇನೆ. ಚುಕ್ಕಿ ಮಸುಕಾದರೆ ಅರ್ಧ ಹೋಗಿ ಐದಾಗುತ್ತದೆ, ಹತ್ತು ಪಟ್ಟು. ಹಾಗೆಯೇ ಐದು ಮಿಲಿಗ್ರಾಂ ಎಂಬುದಕ್ಕೆ 5.0 ಎಂದು ಬರೆದರೂ ನನಗೆ ತಕರಾರು. ಅಲ್ಲಿ ಚುಕ್ಕಿ ಕಾಣದೆ ಹೋದರೆ ಐವತ್ತಾಗುತ್ತದೆ. ಮುಂದೆ ಸೊನ್ನೆ ಬೇಕು, ಹಿಂದೆ ಸೊನ್ನೆ ಬೇಡ. ಹೊಸದಾಗಿ ಸೇರಿದ ಡಾಕ್ಟರುಗಳಿಗೆ ಇದನ್ನು ಹೇಳಿ ಹೇಳಿ ಈ ಹೆಸರು ಬಂದಿದೆ.

ಇದು ನನ್ನ ಸ್ವಂತ ಹಟವಲ್ಲ. ಅಮೆರಿಕದಲ್ಲಿ ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಜಾಯಿಂಟ್ ಕಮಿಷನ್ ಎಂಬ ಸಂಸ್ಥೆ 2004ರಲ್ಲಿ ‘ಇವನ್ನು ಬರೆಯಕೂಡದು’ ಎಂದು ಒಂದು ಚಿಕ್ಕ ಪಟ್ಟಿ ಹೊರಡಿಸಿತು. ಈಗ ಗಲ್ಫಿನ ಎಷ್ಟೋ ಆಸ್ಪತ್ರೆಗಳ ಗೋಡೆಯ ಮೇಲೆ ಅಂಥ ಪಟ್ಟಿ ಇದೆ. ಅದರಲ್ಲಿ ಮೊದಲನೆಯದೇ ‘ಯು’. ಇನ್ಸುಲಿನ್ನಿನ ಅಳತೆಯಾದ ‘ಯೂನಿಟ್’ ಎಂಬುದಕ್ಕೆ ನಾವೆಲ್ಲ ಬರೆಯುತ್ತಿದ್ದ ಇಂಗ್ಲಿಷಿನ ಒಂದೇ ಅಕ್ಷರ. ನಾಲ್ಕರ ಪಕ್ಕ ಅವಸರದಲ್ಲಿ ಆ ಅಕ್ಷರ ಬರೆದು ಅದರ ಬಾಯಿ ಮುಚ್ಚಿಕೊಂಡರೆ ಅದು ಸೊನ್ನೆ. ನಾಲ್ಕು ಯೂನಿಟ್ ಹೋಗಿ ನಲವತ್ತು. ಎರಡನೆಯದು ‘ಐಯು’, ಅಂದರೆ ಅಂತರರಾಷ್ಟ್ರೀಯ ಯೂನಿಟ್; ಅದು ಕೆಲವರ ಕೈಬರಹದಲ್ಲಿ ಹತ್ತರಂತೆ ಕಾಣುತ್ತದೆ, ಕೆಲವರದರಲ್ಲಿ ರಕ್ತನಾಳಕ್ಕೆ ಕೊಡುವ ‘ಐವಿ’ಯಂತೆ. ಎರಡಕ್ಕೂ ಮದ್ದು ಒಂದೇ: ‘ಯೂನಿಟ್’ ಎಂದು ಪೂರ್ತಿ ಬರೆಯಿರಿ. ನಾಲ್ಕು ಅಕ್ಷರ ಹೆಚ್ಚಾದರೆ ಯಾರ ಕೈಯೂ ಸೋಲುವುದಿಲ್ಲ.

ಇಷ್ಟು ಜೋರು ಮಾಡುವ ನಾನು ನನ್ನ ಸ್ವಂತ ಅಮ್ಮನ ಇನ್ಸುಲಿನ್ ವಿಷಯದಲ್ಲಿ ಏನು ಮಾಡಿದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಸಂಘದ ಗೆಳತಿಯೊಬ್ಬಳಿಗೆ ಇದನ್ನು ಹೇಳಿದಾಗ ಅವಳು ಸೀದಾ ಅಡುಗೆಮನೆಗೆ ಹೋಗಿ ಫ್ರಿಜ್ಜಿನ ಬಾಗಿಲು ತೆಗೆದು ಅತ್ತೆಯ ಬಾಟಲಿ ನೋಡಿದಳು. ನಿಮ್ಮಲ್ಲೂ ಕೆಲವರು ಹಾಗೆ ಮಾಡಲಿ ಎಂಬುದೇ ಈ ಬರಹದ ಆಸೆ.

ನನ್ನ ತಮ್ಮ ಇರುವುದು ಟೆಕ್ಸಸ್ಸಿನ ಯೂಲೆಸ್ ಎಂಬ ಊರಿನಲ್ಲಿ. ಡಾಲಸ್ ಮತ್ತು ಫೋರ್ಟ್ ವರ್ತ್ ನಗರಗಳ ನಡುವೆ, ದೊಡ್ಡ ವಿಮಾನ ನಿಲ್ದಾಣಕ್ಕೆ ಅಂಟಿಕೊಂಡ ಊರು. ನಿಲ್ದಾಣದ ಒಂದು ಭಾಗವೇ ಯೂಲೆಸ್ಸಿನ ಗಡಿಯೊಳಗಿದೆ. ಕಳೆದ ವರ್ಷ ಅವನಿಗೆ ಎರಡನೆಯ ಮಗು ಹುಟ್ಟುವುದಿತ್ತು. ಬಾಣಂತನಕ್ಕೆಂದು ಅಮ್ಮ ಸಾಗರದಿಂದ ಏಪ್ರಿಲ್ ಕೊನೆಯಲ್ಲಿ ಹೊರಟಳು. ಅವಳಿಗೆ ಎಪ್ಪತ್ತೆರಡು. ಸಕ್ಕರೆ ಕಾಯಿಲೆಗೆ ಹದಿನಾಲ್ಕು ವರ್ಷ, ಇನ್ಸುಲಿನ್ನಿಗೆ ಆರು. ಬೆಳಿಗ್ಗೆ ಇಪ್ಪತ್ತು, ರಾತ್ರಿ ಹನ್ನೆರಡು. ಈ ಎರಡು ಅಂಕಿ ಅವಳಿಗೆ ವಿಷ್ಣು ಸಹಸ್ರನಾಮದಷ್ಟೇ ಬಾಯಿಪಾಠ. “ನಂದು ಇಪ್ಪತ್ತು ಪಾಯಿಂಟ್, ರಾತ್ರಿ ಹನ್ನೆರಡು ಪಾಯಿಂಟ್” ಎನ್ನುತ್ತಾಳೆ. ನಮ್ಮ ಕಡೆ ಇನ್ಸುಲಿನ್ ತೆಗೆದುಕೊಳ್ಳುವವರೆಲ್ಲ ಹಾಗೇ ಹೇಳುವುದು. ಯೂನಿಟ್ ಎಂದು ಹೇಳಿದವರನ್ನು ನಾನು ಊರಿನಲ್ಲಿ ಕಂಡದ್ದು ಕಡಿಮೆ.

ತಣ್ಣಗಿಡುವ ಚೀಲದಲ್ಲಿ ಐದು ಬಾಟಲಿ ಇನ್ಸುಲಿನ್, ಎರಡು ತಿಂಗಳಿಗೆ. ಮತ್ತೆ ಬೇಕಾದರೆ ಅಲ್ಲೇ ಕೊಂಡರಾಯಿತು. ನೂರು ಸಿರಿಂಜು. ಅವು ಆರು ತಿಂಗಳಿಗೂ ಸಾಕೆಂದು ಅವಳ ಲೆಕ್ಕ, ಏಕೆಂದರೆ ಒಂದು ಸಿರಿಂಜನ್ನು ನಾಲ್ಕೈದು ಸಲ ಬಳಸುವುದು ಅವಳ ರೂಢಿ. ಅಲ್ಲಿ ಹೋದ ಮೇಲೆ ತಮ್ಮ ಬೈದ. “ಪ್ರತಿ ಸಲ ಹೊಸದು ಹಾಕಮ್ಮ, ಉಳಿಸಿ ಎಂತ ಮಾಡ್ತೀಯ?” ಅವನು ಹೇಳಿದ್ದು ಸರಿಯೇ. ಹಾಗಾಗಿ ಏಳು ವಾರಕ್ಕೆ ಸಿರಿಂಜು ಮುಗಿಯಿತು. ತಮ್ಮ ಹತ್ತಿರದ ಅಂಗಡಿಗೆ ಹೋಗಿ ನೂರರ ಇನ್ನೊಂದು ಪೆಟ್ಟಿಗೆ ತಂದ. ಅದೂ ಇನ್ಸುಲಿನ್ ಸಿರಿಂಜು, ಅದೂ ಒಂದು ಮಿಲಿಲೀಟರಿನದು, ಅದರಲ್ಲೂ ಇಪ್ಪತ್ತರ ಗೆರೆ ಇದೆ. ಮುಚ್ಚಳದ ಬಣ್ಣ ಮಾತ್ರ ಬೇರೆ. ಊರಿನದು ಕೆಂಪು, ಇದು ಕಿತ್ತಳೆ.

ಅಲ್ಲಿಂದ ಅಮ್ಮನ ಸಕ್ಕರೆ ಏರತೊಡಗಿತು. ಬೆಳಗಿನ ಖಾಲಿ ಹೊಟ್ಟೆಯಲ್ಲಿ 130ರ ಆಸುಪಾಸು ಇರುತ್ತಿದ್ದದ್ದು 198 ಆಯಿತು, ನಂತರ 240. ತಮ್ಮ ರಾತ್ರಿ ಫೋನ್ ಮಾಡಿದರೆ ನನಗೆ ಬೆಳಿಗ್ಗೆ. ಒಂಬತ್ತು ಗಂಟೆಯ ವ್ಯತ್ಯಾಸ. ಕೆಲಸಕ್ಕೆ ಹೊರಡುವ ಗಡಿಬಿಡಿಯಲ್ಲಿ ನಾನು ಕಾರಣ ಹುಡುಕಿದೆ. ಮೊಮ್ಮಗಳು ಹುಟ್ಟಿದ ಖುಷಿಗೆ ಸಿಹಿ ತಿಂದಿರಬೇಕು. ಅರ್ವಿಂಗಿನ ಏಕತಾ ಮಂದಿರಕ್ಕೆ ಹೋದಾಗ ಪ್ರಸಾದ ಬಿಡುವವಳಲ್ಲ. ಸಾಗರದಲ್ಲಾದರೆ ಹೂವಿಗೆ, ಹಾಲಿಗೆ ಎಂದು ದಿನಕ್ಕೆ ನಾಲ್ಕು ಸಲ ನಡೆಯುತ್ತಿದ್ದಳು. ಅಲ್ಲಿ ಬೇಸಿಗೆಯಲ್ಲಿ ಹೊರಗೆ ಕಾಲಿಡುವ ಹಾಗಿಲ್ಲ. ಟೀವಿಯವರು “ಇಂದು ನೂರು ಡಿಗ್ರಿ” ಎಂದಾಗ ಅವಳು ಹೆದರಿದ್ದಳು. “ನೂರಕ್ಕೆ ನೀರು ಕುದೀತದಲ್ಲೇ ಮಾರಾಯ್ತಿ!” ಅದು ಫ್ಯಾರನ್‌ಹೀಟ್, ನಮ್ಮ ಲೆಕ್ಕದಲ್ಲಿ ಮೂವತ್ತೆಂಟು ಎಂದು ನಾನೇ ಫೋನಿನಲ್ಲಿ ತಿಳಿಸಿ ನಕ್ಕಿದ್ದೆ. ಅಂಕಿಯ ಹಿಂದಿನ ಅಳತೆ ಬದಲಾದರೆ ಏನಾಗುತ್ತದೆ ಎಂಬುದು ಅಂದೇ ಬಾಗಿಲಿಗೆ ಬಂದು ನಿಂತಿತ್ತು. ನಾನು ನಕ್ಕು ಕಳಿಸಿಬಿಟ್ಟೆ.

ತಮ್ಮ ಊರಿನ ಡಾಕ್ಟರಿಗೂ ಫೋನ್ ಮಾಡಿದ. ಸಕ್ಕರೆಯ ಅಂಕಿಗಳನ್ನು ಓದಿ ಹೇಳಿದ. ಸ್ವಲ್ಪ ಸ್ವಲ್ಪ ಏರಿಸಿ ಎಂದರಂತೆ. ಎಷ್ಟು ಎಂದು ತಮ್ಮ ನನ್ನನ್ನು ಕೇಳಿದ. ನಾನು ಹೇಳಿದ ಮಾತು ಇವತ್ತಿಗೂ ಕಿವಿಯಲ್ಲಿದೆ: “ಬೆಳಿಗ್ಗೆ ನಾಲ್ಕು ಪಾಯಿಂಟ್, ರಾತ್ರಿ ಎರಡು ಪಾಯಿಂಟ್ ಜಾಸ್ತಿ ಮಾಡು.” ಆಸ್ಪತ್ರೆಯಲ್ಲಿ ‘ಯು’ ಎಂದು ಬರೆದವರನ್ನು ಬಿಡದ ನಾನು ಮನೆಯವರ ಜೊತೆ ಪಾಯಿಂಟ್ ಎಂದೆ. ವಾಟ್ಸಾಪಿನಲ್ಲಿ ಬರೆದಾಗ ಅದೂ ಇಲ್ಲ, ಬರೀ ‘24, 14’. ಒಂದು ವಾರ ಕಳೆದರೂ ಸಕ್ಕರೆ ಇಳಿಯಲಿಲ್ಲ. ಮತ್ತೆ ‘28, 16’ ಎಂದು ಕಳಿಸಿದೆ. ಒಂದು ಬೆಳಿಗ್ಗೆ 288 ಬಂತು. ನಮ್ಮ ಮಸ್ಕತ್ತಿನ ಆಸ್ಪತ್ರೆಯಲ್ಲಿ ಸಕ್ಕರೆಯನ್ನು ಬೇರೆ ಏಕಮಾನದಲ್ಲಿ, ಲೀಟರಿಗೆ ಇಷ್ಟು ಮಿಲಿಮೋಲ್ ಎಂದು ಬರೆಯುವುದು. ಅಮ್ಮನ ಅಂಕಿಯನ್ನು ಹದಿನೆಂಟರಿಂದ ಭಾಗಿಸಿಯೇ ನನಗೆ ಅದರ ಬಿಸಿ ತಟ್ಟುವುದು. ಹದಿನಾರು! ಪುಣ್ಯಕ್ಕೆ ನನ್ನ ರಜೆ ಹತ್ತಿರವಿತ್ತು. ಮಗುವಿನ ನಾಮಕರಣಕ್ಕೆಂದು ಜುಲೈ ಎರಡನೆಯ ವಾರಕ್ಕೆ ಟಿಕೆಟ್ ತೆಗೆದಾಗಿತ್ತು.

ನಾನು ಹೋದಾಗ ಅಮ್ಮ ಇಳಿದುಹೋಗಿದ್ದಳು. ರಾತ್ರಿ ನಾಲ್ಕು ಸಲ ಏಳುತ್ತಾಳೆ, ಬಾಯಾರಿಕೆ, ಕಣ್ಣು ಮಂಜು. ಆದರೂ ಅವಳಿಗೆ ಒಂದು ಸಮಾಧಾನ. “ಇಲ್ಲಿಯ ಫ್ರಿಜ್ಜು ಒಳ್ಳೇದು ಕಣೇ. ಊರಲ್ಲಿ ಒಂದು ಬಾಟಲಿ ಹನ್ನೆರಡು ದಿನಕ್ಕೆ ಖಾಲಿ. ಇದು ನೋಡು, ನಾಲ್ಕು ವಾರ ಆಗ್ತಾ ಬಂತು, ಇನ್ನೂ ತಳದಲ್ಲಿದೆ.” ನಾನು ಪ್ರಯಾಣದ ನಿದ್ದೆಗಣ್ಣಿನಲ್ಲಿ ಹೂಂ ಎಂದು ಮಲಗಿದೆ.

ಬೆಳಿಗ್ಗೆ ಆರಕ್ಕೆ ಎಚ್ಚರವಾಯಿತು. ತಲೆಯ ಮೇಲೆ ವಿಮಾನದ ಸದ್ದು. ಅಡುಗೆಮನೆಯಲ್ಲಿ ದೀಪ ಉರಿಯುತ್ತಿತ್ತು. ಅಮ್ಮ ಕಿಟಕಿಯ ಕಡೆ ಸಿರಿಂಜು ಎತ್ತಿ ಹಿಡಿದು, ಕಣ್ಣು ಕಿರಿದು ಮಾಡಿ ಗೆರೆ ಎಣಿಸುತ್ತಿದ್ದಳು. ಪಕ್ಕದಲ್ಲಿ ಕಿತ್ತಳೆ ಮುಚ್ಚಳ. ಕೈಯಲ್ಲಿ ಊರಿನ ಬಾಟಲಿ. ಅದರ ಮೇಲೆ, ಒಂದು ಮಿಲಿಲೀಟರಿಗೆ 40.

ಇಪ್ಪತ್ತು ವರ್ಷ ಇದೇ ಕೆಲಸ ಮಾಡಿದವಳಿಗೆ ಇನ್ನೇನೂ ಹೇಳಬೇಕಿರಲಿಲ್ಲ. ನನ್ನ ಕೈಕಾಲು ತಣ್ಣಗಾಯಿತು.

ಓದುಗರಿಗೆ ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಇನ್ಸುಲಿನ್ನನ್ನು ಮಿಲಿಗ್ರಾಮಿನಲ್ಲಿ ಅಳೆಯುವುದಿಲ್ಲ. ಟೊರೊಂಟೊದಲ್ಲಿ ಅದನ್ನು ಕಂಡುಹಿಡಿದು 1922ರ ಜನವರಿಯಲ್ಲಿ ಮೊದಲ ರೋಗಿಗೆ ಚುಚ್ಚಿದಾಗ ಅದು ಇನ್ನೂ ಶುದ್ಧವಾಗಿರಲಿಲ್ಲ. ತೂಗಿದರೆ ಔಷಧ ಎಷ್ಟು, ಕಲ್ಮಶ ಎಷ್ಟು ಎಂದು ತಿಳಿಯುತ್ತಿರಲಿಲ್ಲ. ಅದಕ್ಕೇ ಉಪವಾಸವಿಟ್ಟ ಮೊಲದ ರಕ್ತದ ಸಕ್ಕರೆಯನ್ನು ಎಷ್ಟು ಇಳಿಸುತ್ತದೆ ಎಂಬುದರ ಮೇಲೆ ‘ಯೂನಿಟ್’ ಎಂಬ ಅಳತೆ ಹುಟ್ಟಿತು. ಅಂದರೆ ಯೂನಿಟ್ ಎನ್ನುವುದು ಔಷಧದ ಬಲದ ಅಳತೆ, ನೀರಿನ ಅಳತೆಯಲ್ಲ. ಅದೇ ಬಲವನ್ನು ಹೆಚ್ಚು ನೀರಿನಲ್ಲೂ ಇಡಬಹುದು, ಕಡಿಮೆ ನೀರಿನಲ್ಲೂ ಇಡಬಹುದು. ಭಾರತದಲ್ಲಿ ಬಾಟಲಿಯ ಇನ್ಸುಲಿನ್ ಇವತ್ತಿಗೂ ಹೆಚ್ಚಾಗಿ ಒಂದು ಮಿಲಿಲೀಟರಿಗೆ 40 ಯೂನಿಟ್. ಅದನ್ನು ಯು-40 ಎನ್ನುತ್ತಾರೆ. ಅಮೆರಿಕದಲ್ಲಿ, ಇಲ್ಲಿ ಗಲ್ಫಿನಲ್ಲಿ, ಸಾಮಾನ್ಯವಾಗಿ ಸಿಗುವುದು 100 ಯೂನಿಟ್ಟಿನದು, ಯು-100. ಸಿರಿಂಜಿನ ಗೆರೆಗಳನ್ನೂ ಆಯಾ ಇನ್ಸುಲಿನ್ನಿಗೆ ಸರಿಯಾಗಿ ಹಾಕಿರುತ್ತಾರೆ. ಕೆಂಪು ಮುಚ್ಚಳದ ಯು-40 ಸಿರಿಂಜಿನಲ್ಲಿ ಒಂದು ಮಿಲಿಲೀಟರಿಗೆ 40 ಅಂಕ. ಕಿತ್ತಳೆ ಮುಚ್ಚಳದ ಯು-100ರಲ್ಲಿ ಅದೇ ಒಂದು ಮಿಲಿಲೀಟರಿಗೆ 100 ಅಂಕ. ಎರಡರಲ್ಲೂ ‘20’ ಎಂದು ಬರೆದಿದೆ. ಒಂದರ ಇಪ್ಪತ್ತು ಎಂದರೆ ಅರ್ಧ ಮಿಲಿಲೀಟರ್, ಇನ್ನೊಂದರ ಇಪ್ಪತ್ತು ಎಂದರೆ ಅದರ ಅರ್ಧವೂ ಅಲ್ಲ, 0.2 ಮಿಲಿಲೀಟರ್.

ಈಗ ಅಮ್ಮನ ಲೆಕ್ಕ ನೋಡಿ. ಊರಿನ ತೆಳು ಇನ್ಸುಲಿನ್, ಅಮೆರಿಕದ ಸಿರಿಂಜು. ಇಪ್ಪತ್ತರ ಗೆರೆಗೆ ಎಳೆದರೆ ಒಳಗೆ ಹೋದದ್ದು ಎಂಟೇ ಯೂನಿಟ್. ರಾತ್ರಿಯ ಹನ್ನೆರಡರ ಗೆರೆಗೆ ಐದು ಯೂನಿಟ್ಟೂ ತುಂಬಲಿಲ್ಲ. ನಾನು ದೂರದಿಂದ ಡಾಕ್ಟರಿಕೆ ಮಾಡಿ 28ಕ್ಕೆ ಏರಿಸಿದ ಮೇಲೂ ಹನ್ನೊಂದು ಯೂನಿಟ್ ಚಿಲ್ಲರೆ. ಬಾಟಲಿ ನಾಲ್ಕು ವಾರ ಬಂದದ್ದು ಫ್ರಿಜ್ಜಿನ ಮಹಿಮೆಯಿಂದಲ್ಲ. ಅದೊಂದೇ ಮಾತನ್ನು ಯಾರಾದರೂ ಫೋನಿನಲ್ಲಿ ನನಗೆ ಹೇಳಿದ್ದರೆ ಸಾಕಿತ್ತು. ಅಥವಾ ನಾನೇ “ಬಾಟಲಿ ಎಷ್ಟು ದಿನ ಬರ್ತಿದೆ?” ಎಂದು ಕೇಳಿದ್ದರೆ.

ಅಷ್ಟೇ ಆಗಿದ್ದರೆ ಸಕ್ಕರೆ ಏರಿದ್ದರ ಕತೆ, ಮುಗಿಯಿತು. ಆದರೆ ಫ್ರಿಜ್ಜಿನ ಬಾಗಿಲಿನಲ್ಲಿ ಹೊಸ ಪೆಟ್ಟಿಗೆ ಇತ್ತು. ಊರಿನ ಬಾಟಲಿ ಮುಗಿಯುತ್ತಾ ಬಂತೆಂದು ತಮ್ಮ ಹಿಂದಿನ ದಿನ ತಂದಿಟ್ಟದ್ದು. ಈ ಹಳೆಯ ಬಗೆಯ ಮಿಶ್ರ ಇನ್ಸುಲಿನ್ ಅಲ್ಲಿ ಡಾಕ್ಟರ ಚೀಟಿ ಇಲ್ಲದೆಯೂ ಸಿಗುತ್ತದೆ. ಊರಿನಲ್ಲಿ 30/70 ಎಂದು ಬರೆಯುವುದನ್ನು ಅವರು 70/30 ಎಂದು ಬರೆಯುತ್ತಾರೆ, ಮಿಶ್ರಣ ಅದೇ. ಅದನ್ನೆಲ್ಲ ತಮ್ಮ ಸರಿಯಾಗಿ ವಿಚಾರಿಸಿಯೇ ತಂದಿದ್ದ. ಅದರ ಮೇಲೆ ಇದ್ದದ್ದು 100.

“ಇದನ್ನು ಯಾವಾಗ ತೆಗೀಬೇಕು ಅಂತಿದ್ದೆ?” ಎಂದೆ.

“ಇವತ್ತು ರಾತ್ರಿಗೆ. ಇದು ಬೆಳಿಗ್ಗೆಗೆ ಮುಗೀತದೆ.”

“ಯಾವ ಸಿರಿಂಜಲ್ಲಿ?”

ಅಮ್ಮ ಸ್ವಲ್ಪ ನಾಚಿಕೊಂಡು ತನ್ನ ಕೈಚೀಲ ತಂದಳು. ಕುಂಕುಮದ ಡಬ್ಬಿ, ಪಾಸ್‌ಪೋರ್ಟಿನ ಪ್ರತಿ, ಏಲಕ್ಕಿ ಪೊಟ್ಟಣ, ಅವುಗಳ ಅಡಿಯಲ್ಲಿ ಕೆಂಪು ಮುಚ್ಚಳದ ಮೂರು ಸಿರಿಂಜು. “ಮೂರು ಉಳಿಸಿ ಇಟ್ಕಂಡಿದ್ದೆ, ನಿನ್ನ ತಮ್ಮಂಗೆ ಹೇಳ್ಬೇಡ. ಅವನು ತಂದದ್ದರಲ್ಲಿ ಗೆರೆ ಒತ್ತೊತ್ತು, ಈಗೀಗ ಕಣ್ಣಿಗೆ ಕಾಣದಿಲ್ಲ. ಇದರಲ್ಲಿ ಚೆನ್ನಾಗಿ ಕಾಣ್ತದೆ. ಹೊಸ ಬಾಟಲಿಯಿಂದ ತೆಗೆಯಕ್ಕೆ ನಮ್ಮ ಸಿರಿಂಜೇ ಸೈ ಅಂದ್ಕಂಡೆ.”

ನೂರರ ಇನ್ಸುಲಿನ್, ನಲವತ್ತರ ಸಿರಿಂಜು. ಅಂದು ರಾತ್ರಿ ಅವಳು ಹದಿನಾರರ ಗೆರೆಗೆ ಎಳೆದಿದ್ದರೆ ಒಳಗೆ ಹೋಗುವುದು ನಲವತ್ತು ಯೂನಿಟ್. ಮರುದಿನ ಬೆಳಿಗ್ಗೆ ಇಪ್ಪತ್ತೆಂಟರ ಗೆರೆಗೆ ಎಪ್ಪತ್ತು ಯೂನಿಟ್. ಹನ್ನೆರಡು ಯೂನಿಟ್ ಸಾಕಾಗುವ ಎಪ್ಪತ್ತೆರಡರ ಮುದುಕಿಗೆ, ಎರಡು ಚಪಾತಿ ತಿಂದು ಮಲಗುವ ಹೊತ್ತಿಗೆ, ನಲವತ್ತು. ಸಕ್ಕರೆ ತೀರ ಇಳಿದರೆ ಬೆವರುತ್ತದೆ, ನಡುಗುತ್ತದೆ, ಮಾತು ತೊದಲುತ್ತದೆ, ಆಮೇಲೆ ಪ್ರಜ್ಞೆ ಹೋಗುತ್ತದೆ. ಮನೆಯವರೆಲ್ಲ ನಿದ್ದೆಯಲ್ಲಿರುವಾಗ ಇದನ್ನು ನೋಡುವವರು ಯಾರು? ಮತ್ತೆ ಆ ‘16’ ಎಂಬ ಅಂಕಿ ಹೋದದ್ದು ನನ್ನ ಫೋನಿನಿಂದ. ಅದರ ಮುಂದೆ ಏನೂ ಬರೆಯದೆ ಕಳಿಸಿದವಳು ನಾನು.

ಅಡುಗೆಮನೆಯ ಕುರ್ಚಿಯ ಮೇಲೆ ಕುಳಿತು ಅತ್ತುಬಿಟ್ಟೆ. ಅಮ್ಮನಿಗೆ ಗಾಬರಿ. “ಮೂರು ಸಿರಿಂಜಿಗೆ ಯಾಕೆ ಅಳ್ತೀಯೇ?” ಎಂದಳು.

ಊರಿನ ಡಾಕ್ಟರಿಗೆ ಫೋನ್ ಮಾಡಿ ಎಲ್ಲ ಹೇಳಿದೆವು. ಹೊಸ ಇನ್ಸುಲಿನ್, ಅದಕ್ಕೆ ಹೊಂದುವ ಸಿರಿಂಜು, ಹಳೆಯ ಪ್ರಮಾಣಕ್ಕಿಂತ ಸ್ವಲ್ಪ ಕಡಿಮೆಯಿಂದ ಶುರು, ದಿನಕ್ಕೆ ನಾಲ್ಕು ಸಲ ಸಕ್ಕರೆ ಪರೀಕ್ಷೆ ಎಂದು ಅವರು ಗೊತ್ತುಮಾಡಿದರು. ಗೆರೆ ದೊಡ್ಡದಾಗಿ ಕಾಣುವ ಸಿರಿಂಜು ಬೇಕೆಂದು ನಾನೂ ತಮ್ಮನೂ ಅಂಗಡಿಗೆ ಹೋದೆವು. ಅರ್ಧ ಮಿಲಿಲೀಟರಿನದು ಸಿಕ್ಕಿತು. ಐವತ್ತು ಯೂನಿಟ್ಟಿನ ತನಕ ಗೆರೆ, ಒಂದೊಂದು ಯೂನಿಟ್ಟಿಗೆ ಒಂದೊಂದು, ನಡುವೆ ಜಾಗ. ಅಲ್ಲಿಯ ಫಾರ್ಮಸಿಸ್ಟ್ ಹುಡುಗಿಗೆ ನಾನು ಊರಿನ ಖಾಲಿ ಬಾಟಲಿ ತೋರಿಸಿದೆ. ಅವಳು ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿ, “ಮನುಷ್ಯರಿಗೆ ಕೊಡುವ ಯು-40 ನಾನು ನೋಡಿಯೇ ಇಲ್ಲ. ನಮ್ಮಲ್ಲಿ ಇದು ನಾಯಿ, ಬೆಕ್ಕುಗಳಿಗೆ” ಎಂದಳು. ತಮಾಷೆಯಲ್ಲ. ಅಮೆರಿಕದಲ್ಲಿ ಸಾಕುಪ್ರಾಣಿಗಳ ಇನ್ಸುಲಿನ್ ಈಗಲೂ ಯು-40; ಕೆಂಪು ಮುಚ್ಚಳದ ಸಿರಿಂಜು ಬೇಕಾದರೆ ಪಶುವೈದ್ಯರ ಕಡೆ ಹೋಗಬೇಕು. ಮನೆಗೆ ಬಂದು ಹೇಳಿದಾಗ ಅಮ್ಮ, “ನಮ್ಮ ಬೆಕ್ಕಿಗೆ ಸಕ್ಕರೆ ಇದ್ದಿದ್ದರೆ ನಾನೂ ಅದೂ ಹಂಚ್ಕಂಬಹುದಿತ್ತು” ಎಂದು ನಕ್ಕಳು. ಆ ಮನೆಯಲ್ಲಿ ಬಹಳ ದಿನಕ್ಕೆ ಕೇಳಿದ ನಗು ಎಂದು ತಮ್ಮನ ಹೆಂಡತಿ ಹೇಳಿದಳು.

ಅಮ್ಮನಿಗೆ ಇದನ್ನು ತಿಳಿಸಿ ಹೇಳುವುದು ಹೇಗೆ ಎಂದು ನಾನು ಕಾಗದದ ಮೇಲೆ ಚಿತ್ರ ಬರೆಯುತ್ತಿದ್ದೆ. ಅವಳು ಸ್ವಲ್ಪ ಹೊತ್ತು ನೋಡಿ, “ತಿಳೀತು ಬಿಡು. ಊರಿಂದು ನೀರುಮಜ್ಜಿಗೆ, ಇಲ್ಲಿಂದು ಗಟ್ಟಿ ಮೊಸರು. ಲೋಟ ಒಂದೇ ಅಂತ ಎರಡನ್ನೂ ಒಂದೇ ಲೆಕ್ಕದಲ್ಲಿ ಬಡಿಸಿದರೆ ಹ್ಯಾಗೆ?” ಎಂದಳು. ಇಷ್ಟು ವರ್ಷದಲ್ಲಿ ನರ್ಸುಗಳಿಗೆ ಪಾಠ ಮಾಡುವಾಗ ನನಗೆ ಇಷ್ಟು ಸರಳವಾಗಿ ಹೇಳಲು ಬಂದಿರಲಿಲ್ಲ. ಈಗ ನಾನು ಇದೇ ಮಾತು ಹೇಳುತ್ತೇನೆ.

ಅವಳಿಗೆ ಇದು ಹೊಸದೂ ಅಲ್ಲ. ದೇಶದಲ್ಲಿ 1956ರಲ್ಲಿ ತೂಕ ಮತ್ತು ಅಳತೆಯ ಕಾಯ್ದೆ ಬಂದು ಕಿಲೋ, ಲೀಟರ್ ಬಂದರೂ, ಅವಳು ಬೆಳೆದ ಮನೆಯಲ್ಲಿ ಬಹಳ ಕಾಲ ಪಾವು, ಸೇರು, ಕೊಳಗಗಳೇ ನಡೆದವು. ಸೇರು ಅಂದರೆ ಕಚ್ಚಾ ಸೇರೋ ಪಕ್ಕಾ ಸೇರೋ ಎಂದು ಕೇಳದೆ ಅಕ್ಕಿ ಅಳೆಸಿಕೊಳ್ಳುತ್ತಿರಲಿಲ್ಲವಂತೆ. “ಸೇರು ಅಂದ ತಕ್ಷಣ ಯಾವ ಸೇರು ಅಂತ ನಮ್ಮಪ್ಪ ಕೇಳ್ತಿದ್ರು. ನೀವು ಓದಿದವರು ಕೇಳ್ಲೇ ಇಲ್ಲ ನೋಡು” ಎಂದಳು. ನಾನು ಏನು ಹೇಳಲಿ!

ಅಂದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ‘28, 16’ ಎಂಬ ಚೀಟಿ ಕಿತ್ತು ಹೊಸದು ಬರೆದೆ. ದಪ್ಪ ಪೆನ್ನಿನಲ್ಲಿ, ಪೂರ್ತಿ ಕನ್ನಡದಲ್ಲಿ: ಇನ್ಸುಲಿನ್ ಹೆಸರು, ಒಂದು ಮಿಲಿಲೀಟರಿಗೆ 100 ಯೂನಿಟ್, ಕಿತ್ತಳೆ ಮುಚ್ಚಳದ ಸಿರಿಂಜು ಮಾತ್ರ, ಬೆಳಿಗ್ಗೆ ತಿಂಡಿಗೆ ಮುಂಚೆ ಇಷ್ಟು ಯೂನಿಟ್, ರಾತ್ರಿ ಊಟಕ್ಕೆ ಮುಂಚೆ ಇಷ್ಟು ಯೂನಿಟ್. ಅಂಕಿಗೂ ಯೂನಿಟ್ ಎಂಬ ಪದಕ್ಕೂ ನಡುವೆ ಒಂದು ಬೆರಳು ಜಾಗ. ಕೆಂಪು ಮುಚ್ಚಳದ ಮೂರನ್ನೂ ಬಟ್ಟೆ ಸೋಪಿನ ಖಾಲಿ ಡಬ್ಬಿಗೆ ಹಾಕಿ ಮುಚ್ಚಿದೆ. ಎರಡು ವಾರದಲ್ಲಿ ಬೆಳಗಿನ ಸಕ್ಕರೆ 140ಕ್ಕೆ ಬಂತು. ಸಿಹಿಯನ್ನೂ ಪ್ರಸಾದವನ್ನೂ ಸುಮ್ಮನೆ ದೂರಿದ್ದಕ್ಕೆ ಅಮ್ಮನಲ್ಲಿ ಕ್ಷಮೆ ಕೇಳಿದೆ.

ಕಣ್ಣು ತೆರೆದ ಮೇಲೆ ಆ ಮನೆಯಲ್ಲಿ ಬೇರೆ ಔಷಧಗಳನ್ನೂ ನೋಡಿದೆ. ಮಗುವಿನ ಜ್ವರಕ್ಕೆಂದು ಊರಿನಿಂದ ತಂದ ಪ್ಯಾರಾಸಿಟಮಾಲ್ ಹನಿಯ ಬಾಟಲಿ ಇತ್ತು: ಒಂದು ಮಿಲಿಲೀಟರಿನಲ್ಲಿ 100 ಮಿಲಿಗ್ರಾಂ. ಪಕ್ಕದಲ್ಲೇ ಅಲ್ಲಿಯ ಮಕ್ಕಳ ಸಿರಪ್ಪು, ಔಷಧ ಅದೇ, ಹೆಸರು ಬೇರೆ, ಅಸಿಟಮಿನೋಫೆನ್: 5 ಮಿಲಿಲೀಟರಿನಲ್ಲಿ 160 ಮಿಲಿಗ್ರಾಂ. ಅಂದರೆ ಊರಿನ ಹನಿ ಅದಕ್ಕಿಂತ ಮೂರು ಪಟ್ಟು ಗಟ್ಟಿ. ಅಲ್ಲಿಯ ಡಾಕ್ಟರು ಸಿರಪ್ಪಿನ ಲೆಕ್ಕದಲ್ಲಿ ಇಷ್ಟು ಮಿಲಿಲೀಟರ್ ಎಂದು ಹೇಳಿದ್ದನ್ನು ಊರಿನ ಬಾಟಲಿಯಿಂದ ಎಳೆದು ಕೊಟ್ಟರೆ ಕೂಸಿನ ಯಕೃತ್ತಿಗೆ ಕಷ್ಟ. ಒಂದನ್ನು ತೆಗೆದಿಟ್ಟೆ. ಚಮಚೆಯ ಲೆಕ್ಕವನ್ನಂತೂ ಯಾರೂ ನಂಬಬೇಡಿ. ಇಂಗ್ಲಿಷಿನ ದೊಡ್ಡ ಟಿ, ಸಣ್ಣ ಟಿ ಎರಡರಲ್ಲಿ ಒಂದು ಊಟದ ಚಮಚೆ, ಇನ್ನೊಂದು ಚಹಾ ಚಮಚೆ. ಮೂರು ಪಟ್ಟು ವ್ಯತ್ಯಾಸ. ಮಕ್ಕಳ ಔಷಧವನ್ನು ಮಿಲಿಲೀಟರಿನಲ್ಲೇ ಬರೆಯಿರಿ, ಅದರ ಜೊತೆ ಬಂದ ಸಿರಿಂಜಿನಲ್ಲೇ ಅಳೆಯಿರಿ ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2015ರಲ್ಲೇ ಹೇಳಿದೆ.

ನಾದಿನಿಯ ಥೈರಾಯ್ಡ್ ಮಾತ್ರೆಯ ಕುರಿತು ಫೋನಿನಲ್ಲಿ ಅವಳ ತಾಯಿಗೆ “50 ಎಂಜಿ” ಎಂದು ಹೇಳುತ್ತಿದ್ದದ್ದು ಕಿವಿಗೆ ಬಿತ್ತು. ಅದು ಮಿಲಿಗ್ರಾಂ ಅಲ್ಲ, ಮೈಕ್ರೊಗ್ರಾಂ. ಸಾವಿರ ಪಟ್ಟು ಚಿಕ್ಕದು. ಗ್ರೀಕಿನ ‘ಮ್ಯೂ’ ಅಕ್ಷರ ಹಾಕಿ ಬರೆದರೆ ಕೈಬರಹದಲ್ಲಿ ಅದು ಎಂ ಆಗುತ್ತದೆ. ಅದಕ್ಕೇ ನಾವು ಆಸ್ಪತ್ರೆಯಲ್ಲಿ ‘ಎಂಸಿಜಿ’ ಎಂದು ಬರೆಯುತ್ತೇವೆ. ಕನ್ನಡದಲ್ಲಿ ಬರೆಯುವುದಾದರೆ ‘ಮಿ.ಗ್ರಾಂ.’ ಎಂಬುದು ಎಲ್ಲರಿಗೂ ಗೊತ್ತು. ಆದರೆ ಮೈಕ್ರೊಗ್ರಾಮನ್ನು ಮೊಟಕು ಮಾಡಲೇಬೇಡಿ, ಪೂರ್ತಿ ಬರೆಯಿರಿ. ವಿಟಮಿನ್ ಡಿ ಕೂಡ ಹೀಗೇ. ಊರಿನಲ್ಲಿ ವಾರಕ್ಕೊಂದು ಎಂದು ಕೊಡುವ ಪೊಟ್ಟಣದ ಮೇಲೆ 60,000 ಯೂನಿಟ್ ಎಂದಿರುತ್ತದೆ. ಅಮೆರಿಕದ ಡಬ್ಬಿಯ ಮೇಲೆ ಈಗ ಮೈಕ್ರೊಗ್ರಾಂ ಮೊದಲು. 40 ಯೂನಿಟ್ ಸೇರಿದರೆ ಒಂದು ಮೈಕ್ರೊಗ್ರಾಂ. ಇದು ತಿಳಿಯದೆ ವಾರದ್ದನ್ನು ದಿನಾ ತಿಂದವರನ್ನು ನಾನು ಇಲ್ಲಿಯ ಕೌಂಟರಿನಲ್ಲೇ ಕಂಡಿದ್ದೇನೆ.

ಅಂಗಡಿಯ ಬೋರ್ಡಿನಲ್ಲಿ ಕೆಜಿ ಎಂಬುದಕ್ಕೆ ‘ಕೆಜಿಸ್’ ಎಂದು ಬರೆದರೆ, ಕಿಲೋಮೀಟರಿನ ಕಲ್ಲಿನ ಮೇಲೆ ಎಸ್ ಸೇರಿಸಿದರೆ ಯಾರೂ ಸಾಯುವುದಿಲ್ಲ. ಶಾಲೆಯಲ್ಲಿ ಮೇಷ್ಟ್ರು ಅಂಥದಕ್ಕೆ ಅರ್ಧ ಅಂಕ ಕಳೆಯುತ್ತಿದ್ದಾಗ ನಮಗೆ ಸಿಟ್ಟು ಬರುತ್ತಿತ್ತು. ಅಂಕಿ ಸರಿ ಇದೆಯಲ್ಲ, ಹಿಂದಿನದರಲ್ಲಿ ಏನಿದೆ ಎನಿಸುತ್ತಿತ್ತು. ಔಷಧದಲ್ಲಿ ಹಿಂದಿನದರಲ್ಲೇ ಎಲ್ಲ ಇದೆ. ಅಂಕಿ ಬರೀ ಎಣಿಕೆ; ಏನನ್ನು ಎಣಿಸಿದ್ದು ಎಂದು ಹೇಳುವುದು ಅದರ ಮುಂದಿನ ಪದ. ‘ಲೀಟರ್’ ಎಂಬುದರ ಸಣ್ಣ ಎಲ್ ಒಂದು ಎಂಬ ಅಂಕಿಯಂತೆ ಕಾಣುತ್ತದೆಂದು 1979ರಲ್ಲಿ ತೂಕ-ಅಳತೆಯ ಜಾಗತಿಕ ಸಮ್ಮೇಳನವೇ ದೊಡ್ಡ ಎಲ್ ಬಳಸಲು ಒಪ್ಪಿಗೆ ಕೊಟ್ಟಿತು. ಅಷ್ಟು ದೊಡ್ಡವರು ಒಂದು ಅಕ್ಷರಕ್ಕಾಗಿ ಕೂತು ಮಾತಾಡಿದ್ದಾರೆಂದರೆ ಅದಕ್ಕೆ ಕಾರಣವಿದೆ.

ಗಲ್ಫಿನಲ್ಲಿರುವ ನಾವು ಎರಡು ಅಳತೆಗಳ ನಡುವೆ ಬದುಕುವವರು. ಅಪ್ಪ ಅಮ್ಮಂದಿರು ಬರುವಾಗ ಊರಿನ ಔಷಧ ತರುತ್ತಾರೆ. ನಾವು ರಜೆಗೆ ಹೋಗುವಾಗ ಇಲ್ಲಿಯದನ್ನು ಒಯ್ಯುತ್ತೇವೆ. ಸಿರಿಂಜು ಇಲ್ಲಿಯದು, ಬಾಟಲಿ ಅಲ್ಲಿಯದು ಆಗುವುದು ಒಂದು ಕ್ಷಣದ ಕೆಲಸ. ಆದ್ದರಿಂದ ಹಿರಿಯರು ಬಂದ ದಿನವೇ ಅವರ ಬಾಟಲಿಯ ಮೇಲೆ 40 ಇದೆಯೋ 100 ಇದೆಯೋ ನೋಡಿ. ಸಿರಿಂಜಿನ ಮೇಲೂ ಅದೇ ಅಂಕಿ ಇದೆಯೇ ನೋಡಿ. ಎರಡೂ ಒಂದೇ ಇಲ್ಲದಿದ್ದರೆ ಚುಚ್ಚುವ ಮುಂಚೆ ಯಾರನ್ನಾದರೂ ಕೇಳಿ. ಸಕ್ಕರೆ ಇದ್ದಕ್ಕಿದ್ದಂತೆ ಏರಿದರೆ ಅಥವಾ ಇಳಿದರೆ ತಿಂಡಿಯನ್ನು ಬೈಯುವ ಮೊದಲು ಬಾಟಲಿ, ಸಿರಿಂಜು ಬದಲಾಯಿತೇ ಎಂದು ಕೇಳಿ. ಫೋನಿನಲ್ಲಿ ಪ್ರಮಾಣ ಹೇಳುವಾಗ ಯೂನಿಟ್ ಎನ್ನಿ, ಕೇಳಿದವರಿಂದ ಅದನ್ನು ಮರಳಿ ಹೇಳಿಸಿ. ಮನೆಯವರೊಂದಿಗೆ ಮಾತಾಡುವಾಗಲೇ ನಾವು ಹೆಚ್ಚು ಸಡಿಲ ಬಿಡುವುದು. ನಾನು ಆಸ್ಪತ್ರೆಯಲ್ಲಿ ಫಾರ್ಮಸಿಸ್ಟ್ ಆಗಿದ್ದೆ, ಮನೆಗೆ ಫೋನ್ ಮಾಡುವಾಗ ಬರೀ ಮಗಳಾಗಿದ್ದೆ. ಮಗಳಾದವಳು ಇನ್ನೂ ಹೆಚ್ಚು ಎಚ್ಚರವಾಗಿರಬೇಕಿತ್ತು.

ಅಕ್ಟೋಬರಿನಲ್ಲಿ ಅಮ್ಮ ಊರಿಗೆ ಮರಳಿದಳು. ಅಲ್ಲಿ ಮತ್ತೆ ನಲವತ್ತರ ಬಾಟಲಿ, ಕೆಂಪು ಮುಚ್ಚಳ. ಕಿತ್ತಳೆಯ ಒಂದನ್ನೂ ಜೊತೆಗೆ ಒಯ್ಯಬೇಡ ಎಂದು ನಾನು ದಿನಾ ಫೋನ್ ಮಾಡಿ ಹೇಳಿದ್ದೆ. ಕೈಚೀಲದಲ್ಲಿ ಇಡಲು ಒಂದು ಚೀಟಿಯನ್ನೂ ತಮ್ಮನಿಂದ ಬರೆಸಿದ್ದೆ. ಸಾಗರ ತಲುಪಿದ ವಾರ ಫೋನ್ ಮಾಡಿದಾಗ ಅವಳು ಡಾಕ್ಟರ ಬಳಿ ಹೋಗಿ ಬಂದಿದ್ದಳು.

“ಅಲ್ಲಿಯ ನರ್ಸು ಎಷ್ಟು ಪಾಯಿಂಟ್ ತಗೊಳ್ತೀರಿ ಅಜ್ಜಿ ಅಂತ ಕೇಳಿತು,” ಎಂದಳು.

“ನೀನು ಎಂತ ಅಂದೆ?”

“ಇಪ್ಪತ್ತು ಯೂನಿಟ್ ಅಂದೆ. ಅದು ಹೌದೌದು ಇಪ್ಪತ್ತು ಪಾಯಿಂಟ್ ಅಂತ ಬರ್ಕಂತು. ಎದ್ದು ಹೋಗಿ ಆ ಹುಡುಗಿಗೆ ಮಜ್ಜಿಗೆ-ಮೊಸರಿನ ಕತೆ ಹೇಳಿ, ತಿದ್ದಿಸಿಯೇ ಬಂದೆ.”